ಕಿಕ್ ಬರಲಿಲ್ಲ, ಹಾಗಾದರೆ ಒತ್ತಡವೂ ಇಲ್ಲವೇ?

ತೈಲ, ಅನಿಲದ ಬಾವಿ ಕೊರೆಯುವಾಗ ಯಾವ ಆಳದಲ್ಲಿ ಬಂಡೆಯೊಳಗಿನ ದ್ರವದ ಒತ್ತಡ ಎಷ್ಟಿರಬಹುದೆಂದು ಅಂದಾಜಿಸುವುದು ನನ್ನ ಕೆಲಸ. ಬೆಳಗಿನ ಸಭೆಯಲ್ಲಿ ಡ್ರಿಲ್ಲಿಂಗ್ ವ್ಯವಸ್ಥಾಪಕರು ನನ್ನನ್ನು ಛೇಡಿಸುವ ಮಾತೊಂದಿದೆ. ‘ನೀವು ಹೇಳಿದ ಆಳ ದಾಟಿಯಾಯಿತು. ಹಗುರ ಮಡ್‌ನಲ್ಲೇ ಕೊರೆಯುತ್ತಿದ್ದೇವೆ, ಒಂದು ಕಿಕ್ ಕೂಡ ಬರಲಿಲ್ಲ. ಎಲ್ಲಿ ಸ್ವಾಮಿ ನಿಮ್ಮ ಒತ್ತಡ?’ ಮಡ್ ಎಂದರೆ ಬಾವಿಯಲ್ಲಿ ತುಂಬಿ, ತನ್ನ ಭಾರದಿಂದ ಆ ಒತ್ತಡವನ್ನು ತಡೆಹಿಡಿಯುವ ಕೆಸರಿನಂಥ ದ್ರವ. ಕಿಕ್ ಎಂದರೆ ಬಂಡೆಯೊಳಗಿನ ದ್ರವ ಅಥವಾ ಅನಿಲ ಬಾವಿಗೆ ನುಗ್ಗುವುದು. ಊರು, ರಿಗ್ (ಕೊರೆಯುವ ಯಂತ್ರ), ಮನುಷ್ಯರು ಬದಲಾದರೂ ಈ ಮಾತು ಬದಲಾಗಿಲ್ಲ.

ಅವರು ಕೊರೆಯುತ್ತಿರುವುದು ಶೇಲ್, ಅಂದರೆ ಜೇಡಿ ಗಟ್ಟಿಯಾಗಿ ಆದ ಪದರಗಲ್ಲು. ಕೃಷ್ಣಾ-ಗೋದಾವರಿ ಕಣಿವೆಯಂಥ ಕಡೆ ನದಿಗಳು ಹೂಳನ್ನು ತಂದು ಬೇಗಬೇಗ ಪೇರಿಸಿದಾಗ, ಕೆಳಗಿನ ಜೇಡಿಯೊಳಗಿನ ನೀರಿಗೆ ಹೊರಹೋಗಲು ಸಮಯ ಸಿಗದೆ, ಮೇಲಿನ ಭಾರದಲ್ಲಿ ಒಂದಷ್ಟನ್ನು ಆ ನೀರೇ ಹೊರುತ್ತದೆ. 3,000 ಮೀಟರ್ ಆಳದಲ್ಲಿ ಸಹಜ ಒತ್ತಡ, ಅಂದರೆ ಅಷ್ಟೆತ್ತರದ ನೀರಿನ ಕಂಬದ ಒತ್ತಡ, 300 ಬಾರ್ ಆಸುಪಾಸು. ಮೇಲಿನ ಬಂಡೆಯ ಒಟ್ಟು ಭಾರ ಅದರ ಇಮ್ಮಡಿಗೂ ಹೆಚ್ಚು. ನಿಜವಾದ ಒತ್ತಡ ಇವೆರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು.

ಇನ್ನು ಅವರಿಗೆ ಅರ್ಥವಾಗದ ಸಂಗತಿ. ಹದಮಾಡಿದ ಜೇಡಿಮಣ್ಣಿನ ಮುದ್ದೆಗೆ ಬೆರಳಿನಿಂದ ತೂತು ಮಾಡಿ. ತೂತಿನೊಳಗೆ ನೀರು ಬರುವುದಿಲ್ಲ. ಹಾಗೆಂದು ಮಣ್ಣು ಒಣಗಿದೆ ಎನ್ನುತ್ತೀರಾ? ಶೇಲ್ ಕೂಡ ಅಷ್ಟೆ. ಅದರೊಳಗಿನ ಒತ್ತಡ ನಿಮ್ಮ ಮಡ್ ಕಂಬದ ಒತ್ತಡಕ್ಕಿಂತ ಹೆಚ್ಚಿದ್ದರೂ ರಂಧ್ರಗಳು ಅತಿ ಸೂಕ್ಷ್ಮವಾಗಿರುವುದರಿಂದ ದ್ರವ ಬಾವಿಗೆ ನುಗ್ಗಲಾರದು. ಕಿಕ್ ಬರಬೇಕಾದರೆ ಒತ್ತಡವೂ ಬೇಕು, ಹರಿಯಲು ದಾರಿಯೂ ಬೇಕು. ಕೆಳಗೆ ಮರಳುಗಲ್ಲಿನ ಪದರ ಸಿಕ್ಕ ಕ್ಷಣ ಆ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗಿನ ಶಾಂತಿ ಒತ್ತಡದ ಬಗ್ಗೆ ಏನನ್ನೂ ಸಾಬೀತು ಮಾಡಿರುವುದಿಲ್ಲ.

ಶೇಲ್ ಪೂರ್ತಿ ಮೂಕವೇನಲ್ಲ. ಒತ್ತಡ ಹೆಚ್ಚಿದ್ದರೆ, ಪೈಪ್ ಜೋಡಿಸಲು ಮಡ್ ಪಂಪ್ ನಿಲ್ಲಿಸಿದಾಗಲೆಲ್ಲ ತುಸು ಅನಿಲ ಬರುತ್ತದೆ. ಬಾವಿಯ ಗೋಡೆಯಿಂದ ಸಿಡಿದ ಉದ್ದನೆಯ, ಚೂಪಾದ ಚೂರುಗಳು ಶೇಕರ್ (ಮಡ್‌ನಿಂದ ಕಲ್ಲಿನ ಚೂರು ಸೋಸುವ ಜರಡಿ) ಮೇಲೆ ಬೀಳುತ್ತವೆ. ಅದನ್ನು ಮೊದಲು ಗಮನಿಸುವವನು ಶೇಕರ್ ಬಳಿ ಮಾದರಿ ಹಿಡಿಯುವ ಹುಡುಗ. ಅಂಥ ಒಬ್ಬ ಕೋನಸೀಮೆಯ ಹುಡುಗನ ಕಣ್ಣನ್ನು ನಾನು ಎಷ್ಟೋ ಸಾಫ್ಟ್‌ವೇರ್‌ಗಳಿಗಿಂತ ಹೆಚ್ಚು ನಂಬಿದ್ದೇನೆ. ಆದರೆ ಬಂಡೆಯ ಪಾರ್ಶ್ವ ಬಲದಿಂದಲೂ ಗೋಡೆ ಒಡೆಯಬಹುದು. ಒಂದೇ ಕುರುಹಿನ ಮೇಲೆ ತೀರ್ಪು ಕೊಡಬಾರದು.

ನನ್ನ ಲೆಕ್ಕವೂ ವೇದವಾಕ್ಯವಲ್ಲ. 1975ರಲ್ಲಿ ಈಟನ್ ಎಂಬ ಎಂಜಿನಿಯರ್ ಕೊಟ್ಟ ಸೂತ್ರ ಬಂಡೆಯಲ್ಲಿ ಶಬ್ದ ಸಾಗುವ ವೇಗದಿಂದ ಒತ್ತಡವನ್ನು ಅಂದಾಜಿಸುತ್ತದೆ. ಅದರ ಘಾತಾಂಕ ಮೆಕ್ಸಿಕೊ ಕೊಲ್ಲಿಯ ಅನುಭವದ್ದು. ಹೂಳಿನ ಅವಸರಕ್ಕಿಂತ ಬಿಸಿಯಿಂದ ಹುಟ್ಟಿದ ಅನಿಲವೇ ಒತ್ತಡಕ್ಕೆ ಕಾರಣವಾದ ಕಡೆ ಅದು ಕಡಿಮೆ ಹೇಳುವ ಅಪಾಯವಿದೆ. ವ್ಯವಸ್ಥಾಪಕರ ಹಿಂಜರಿಕೆಗೂ ಕಾರಣವಿದೆ: ಮಡ್ ಭಾರ ಮಾಡಿದರೆ ಕೊರೆತ ನಿಧಾನವಾಗುತ್ತದೆ, ಮೇಲಿನ ದುರ್ಬಲ ಪದರ ಬಿರಿದು ಮಡ್ ಅಲ್ಲೇ ಸೋರಿಹೋಗಬಹುದು. ಅದಕ್ಕೇ ನಾನು ಒಂದೇ ಅಂಕಿ ಕೊಡದೆ ಕನಿಷ್ಠ, ಸಂಭವನೀಯ, ಗರಿಷ್ಠ ಎಂದು ಮೂರು ಗೆರೆ ಎಳೆದು ಕೊಡುತ್ತೇನೆ. ಅವರು ಕನಿಷ್ಠದ ಗೆರೆಯನ್ನಷ್ಟೇ ಓದುತ್ತಾರೆ!

ಬಾವಿ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಗೋದಾವರಿ ಸೀಮೆಯವರಿಗೆ ಹೇಳಬೇಕಿಲ್ಲ. 1995ರ ಜನವರಿಯಲ್ಲಿ ಆಂಧ್ರದ ಪಾಸರ್ಲಪುಡಿಯ ಅನಿಲ ಬಾವಿಯಲ್ಲಿ ಹೊತ್ತಿದ ಬೆಂಕಿ ಆರಲು ಎರಡು ತಿಂಗಳು ದಾಟಿತು. ಅದರ ಕಾರಣಗಳ ಚರ್ಚೆ ಇಲ್ಲಿ ಬೇಡ.

ನಾನು ಕೇಳುವುದು ಇಷ್ಟೆ. ಕೊರೆಯುವ ವೇಗ ಇದ್ದಕ್ಕಿದ್ದಂತೆ ಏರಿದರೆ ಮರಳುಗಲ್ಲು ಸಿಕ್ಕಿರಬಹುದು. ಬಿಟ್ (ಕೊರೆಯುವ ಮೊನೆ) ಎತ್ತಿ, ಪಂಪ್ ನಿಲ್ಲಿಸಿ, ಬಾವಿ ತಾನಾಗಿ ಹರಿಯುತ್ತಿದೆಯೇ ಎಂದು ಹದಿನೈದು ನಿಮಿಷ ನೋಡಿ. ಹದಿನೈದು ನಿಮಿಷದ ರಿಗ್ ಬಾಡಿಗೆ ಎಷ್ಟೆಂದು ನನಗೆ ಲೆಕ್ಕ ಒಪ್ಪಿಸುವವರು ಪ್ರತಿ ಸಭೆಯಲ್ಲೂ ಇರುತ್ತಾರೆ.