ಎಲ್ಲರೂ ಬಳಸುವ ಭಾಷೆ ಒಳ್ಳೆಯ ಭಾಷೆಯೇ?

ಪ್ರಶ್ನೆ: ಪ್ರೋಗ್ರಾಮಿಂಗ್ ಕಲಿಯೋಣ ಅಂತಿದ್ದೇನೆ. ಎಲ್ಲಿ ಕೇಳಿದರೂ ಜಾವಾಸ್ಕ್ರಿಪ್ಟ್ ಹೆಸರು ಹೇಳುತ್ತಾರೆ. ಇಷ್ಟು ಜನ ಬಳಸುತ್ತಾರೆ ಅಂದಮೇಲೆ ಅದು ಒಳ್ಳೆಯ ಭಾಷೆಯೇ ಇರಬೇಕು, ಅಲ್ವಾ?

ಹಾಗೇನೂ ಇಲ್ಲ. ಜಾವಾಸ್ಕ್ರಿಪ್ಟ್ ಗೆದ್ದದ್ದಕ್ಕೆ ಅದರ ಗುಣಕ್ಕಿಂತ ಅದಕ್ಕೆ ಸಿಕ್ಕ ಜಾಗವೇ ದೊಡ್ಡ ಕಾರಣ. 1995ರ ಮೇ ತಿಂಗಳಲ್ಲಿ, ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು 10 ದಿನದಲ್ಲಿ ಬರೆದು ಮುಗಿಸಿದರು. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್ ಅಂತಿದ್ದ ಹೆಸರನ್ನು ಆ ಡಿಸೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ಅಂತ ಬದಲಿಸಿದರು. ಆಗ ಜಾವಾ ಅನ್ನುವ ಬೇರೊಂದು ಭಾಷೆಯ ಹವಾ ಜೋರಾಗಿತ್ತು, ಅಷ್ಟೇ. ಬಟನ್ ಒತ್ತಿದರೆ ವೆಬ್ ಪುಟದಲ್ಲಿ ಏನಾದರೂ ಆಗಬೇಕು ಅಂದರೆ, ಎಲ್ಲ ಬ್ರೌಸರ್‌ಗೂ ಅರ್ಥವಾಗುವ ಭಾಷೆ ಇದೊಂದೇ ಆಯಿತು. ಊರಿಗೆ ಒಂದೇ ಬಸ್ಸಿದ್ದರೆ ಅದು ತುಂಬಿಯೇ ಹೋಗುತ್ತದೆ.

ಅವಸರದ ಗುರುತುಗಳು ಇವತ್ತಿಗೂ ಕಾಣುತ್ತವೆ. ಬ್ರೌಸರ್‌ನ ಕನ್ಸೋಲ್ (ಕೋಡ್ ಬರೆದು ಓಡಿಸಿ ನೋಡುವ ಜಾಗ) ತೆರೆದು, 1, 2, 10 ಇರುವ ಅರೇಯನ್ನು, ಅಂದರೆ ಪಟ್ಟಿಯನ್ನು, ಸುಮ್ನೆ ಸಾರ್ಟ್ ಮಾಡಿ (ಕ್ರಮವಾಗಿ ಜೋಡಿಸಿ) ನೋಡಿ. 1, 10, 2 ಅಂತ ಬರುತ್ತದೆ! ಹೇಗೆ ಹೋಲಿಸಬೇಕು ಅಂತ ನಾವು ಹೇಳದಿದ್ದರೆ ಅದು ಸಂಖ್ಯೆಗಳನ್ನೂ ಪದಗಳ ಹಾಗೆ ಜೋಡಿಸುತ್ತದೆ.

ಇನ್ನೊಂದು, ‘ನಲ್’. ಏನೂ ಇಲ್ಲ ಅನ್ನುವುದಕ್ಕೆ ಇರುವ ಮೌಲ್ಯ ಅದು. ‘ಟೈಪ್‌ಆಫ್’ ಅನ್ನುವ ಆದೇಶ ಹಾಕಿ ಅದರ ಜಾತಿ ಕೇಳಿದರೆ ‘ಆಬ್ಜೆಕ್ಟ್’, ಅಂದರೆ ಮಾಹಿತಿ ತುಂಬಿಡುವ ವಸ್ತು, ಅನ್ನುತ್ತದೆ. ಮೊದಲ ಆವೃತ್ತಿಯಲ್ಲಿ ಪ್ರತಿ ಮೌಲ್ಯದ ಜೊತೆ ಅದು ಯಾವ ಬಗೆಯದು ಅಂತ ತಿಳಿಸುವ ಕೆಲವು ಬಿಟ್‌ಗಳಿದ್ದವು (ಸೊನ್ನೆ ಅಥವಾ ಒಂದು ಅನ್ನುವ ಗುರುತುಗಳು). ಆಬ್ಜೆಕ್ಟ್‌ಗೆ ಎಲ್ಲ ಸೊನ್ನೆ. ನಲ್ ಅಂದರೂ ಪೂರ್ತಿ ಸೊನ್ನೆಯೇ. ಹಾಗಾಗಿ ಎಡವಟ್ಟಾಯಿತು. ಇದನ್ನು ಸರಿ ಮಾಡೋಣ ಅಂತ ಮುಂದೆ ಪ್ರಸ್ತಾವವೂ ಬಂತು, ಆದರೆ ಈ ತಪ್ಪನ್ನೇ ನಂಬಿಕೊಂಡಿರುವ ಹಳೆಯ ವೆಬ್‌ಸೈಟ್‌ಗಳು ಕೆಡುತ್ತವೆ ಅಂತ ಕೈಬಿಟ್ಟರು. ನನಗೆ ಇಲ್ಲಿ ಜಾಸ್ತಿ ಕುತೂಹಲ ಅನ್ನಿಸುವುದು ಇದೇ: ಹತ್ತೇ ಜನ ಬಳಸುವ ಭಾಷೆಯಾಗಿದ್ದರೆ ಒಂದು ಮಧ್ಯಾಹ್ನದಲ್ಲಿ ತಿದ್ದಬಹುದಿತ್ತು. ಜನಪ್ರಿಯತೆಯೇ ತಪ್ಪಿಗೆ ಕಾವಲು ನಿಂತಿತು.

ಹಾಗಂತ ಜನಪ್ರಿಯತೆಯಿಂದ ಲಾಭವೇ ಆಗಿಲ್ಲ ಅನ್ನುವಂತಿಲ್ಲ. 2008ರಲ್ಲಿ ಗೂಗಲ್ ಕ್ರೋಮ್ ಜೊತೆ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ತಂದಿತು, ಬ್ರೌಸರ್ ಕಂಪನಿಗಳು ವೇಗಕ್ಕಾಗಿ ಪೈಪೋಟಿಗೆ ಬಿದ್ದವು. 2012ರಲ್ಲಿ ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟ್ ಬಿಟ್ಟಿತು. ಕೋಡ್ ಓಡಿಸುವ ಮೊದಲೇ ಎಷ್ಟೋ ತಪ್ಪು ಹಿಡಿದುಕೊಡುವ, ಜಾವಾಸ್ಕ್ರಿಪ್ಟ್ ಮೇಲಿನ ಪದರ ಅದು. ಯಾರೂ ಬಳಸದ ಭಾಷೆಗೆ ಇಷ್ಟು ದುಡ್ಡು, ಇಷ್ಟು ತಲೆ ಯಾರು ಸುರಿಯುತ್ತಾರೆ?

ಇನ್ನು ರ‍್ಯಾಂಕಿಂಗ್ ಪಟ್ಟಿಗಳ ವಿಷಯ. ಭಾಷೆಗಳ ಜನಪ್ರಿಯತೆ ಅಳೆಯುವ ಟಿಯೋಬಿ ಸೂಚ್ಯಂಕ ಸರ್ಚ್ ಎಂಜಿನ್‌ಗಳಲ್ಲಿ ಒಂದೊಂದು ಭಾಷೆಗೆ ಎಷ್ಟು ಪುಟ ಸಿಗುತ್ತವೆ ಅಂತ ಎಣಿಸುತ್ತದೆ. ತಲೆ ಕೆಡಿಸುವ ಭಾಷೆಯ ಬಗ್ಗೆ ಜನ ಹೆಚ್ಚು ಬರೆದರೆ ಅದೂ ಲೆಕ್ಕಕ್ಕೆ ಬಂತು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಸಮೀಕ್ಷೆ ವಾಸಿ, ‘ಯಾವುದು ಬಳಸುತ್ತೀರಿ’, ‘ಯಾವುದನ್ನು ಮುಂದೆಯೂ ಬಳಸಲು ಇಷ್ಟ’ ಅಂತ ಬೇರೆ ಬೇರೆ ಕೇಳುತ್ತದೆ. ಮೊದಲನೆಯದರಲ್ಲಿ ಜಾವಾಸ್ಕ್ರಿಪ್ಟ್ ವರ್ಷಗಟ್ಟಲೆ ಮುಂದಿದೆ. ಎರಡನೆಯದರಲ್ಲಿ 2016ರಿಂದ 2024ರವರೆಗೆ ಪ್ರತಿ ಸಲವೂ ಮೊದಲು ಬಂದದ್ದು ರಸ್ಟ್ ಅನ್ನುವ ಇನ್ನೊಂದು ಭಾಷೆ. ನಿಮಗೆ ಬೇಗ ಕೆಲಸ ಬೇಕಿದ್ದರೆ ಮೊದಲ ಪಟ್ಟಿ ನೋಡಿಯೇ ಕಲಿಯಿರಿ, ತಪ್ಪೇನಿಲ್ಲ. ಅದನ್ನು ಗುಣದ ಪಟ್ಟಿ ಅಂತ ಮಾತ್ರ ಓದಬೇಡಿ.