ರಾಜ್ಯ ಬದಲಿಸಿದರೆ ಡಿಸೆಬಿಲಿಟಿ ಹಣ ಏನಾಗುತ್ತದೆ? ಅಮೆರಿಕದ ನಿಯಮಗಳ ಟಿಪ್ಪಣಿ

ಈ ವಿಷಯ ಓದಲು ಶುರು ಮಾಡಿದಾಗ ತಲೆ ಕೆಡಿಸಿದ್ದು ಹೆಸರುಗಳೇ. ಅಂಗವೈಕಲ್ಯ ಇರುವವರಿಗೆ ತಿಂಗಳು ತಿಂಗಳು ಹಣ ಕೊಡುವ ಎರಡು ಯೋಜನೆಗಳು: ಎಸ್‌ಎಸ್‌ಡಿಐ (ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಇನ್ಶೂರೆನ್ಸ್) ಮತ್ತು ಎಸ್‌ಎಸ್‌ಐ (ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್). ಒಂದಕ್ಷರ ಹೆಚ್ಚು ಕಡಿಮೆ, ಅಷ್ಟೇ. ಎರಡನ್ನೂ ಕೊಡುವುದು ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯೇ. ಎರಡೂ ಕೇಂದ್ರದ್ದೇ ಅಂದಮೇಲೆ ಯಾವ ರಾಜ್ಯಕ್ಕೆ ಹೋದರೇನು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲೇ ಎಡವಿದ್ದು. ಈಗ ನಾನು ಪ್ರತಿ ಸೌಲಭ್ಯಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ದುಡ್ಡು ಯಾರ ಜೇಬಿನಿಂದ ಬರುತ್ತಿದೆ?

ಎಸ್‌ಎಸ್‌ಡಿಐ ಸುಲಭ, ಬೇಗ ಮುಗಿಸೋಣ. ಇದು 1956ರಲ್ಲಿ ಬಂದ ವಿಮೆ. ಕೆಲಸ ಮಾಡುವಾಗ ಸಂಬಳದಿಂದ ಕಡಿತವಾದ ತೆರಿಗೆಯೇ ಇದರ ಕಂತು. ಮೊತ್ತ ನಿಂತಿರುವುದು ನಿಮ್ಮ ಹಳೆಯ ದುಡಿಮೆಯ ಮೇಲೆ, ವಿಳಾಸದ ಮೇಲಲ್ಲ. ಹೊಸ ವಿಳಾಸ ತಿಳಿಸಿದರೆ ಸಾಕು, ಒಂದು ಡಾಲರೂ ಕಡಿಮೆಯಾಗುವುದಿಲ್ಲ. ಇದರ ಜೊತೆ 24 ತಿಂಗಳ ನಂತರ ಸಿಗುವ ಮೆಡಿಕೇರ್, ಅಂದರೆ ಕೇಂದ್ರದ ಆರೋಗ್ಯ ವಿಮೆ, ಕೂಡ ಹಾಗೇ ಬರುತ್ತದೆ. ಆದರೆ ಮೆಡಿಕೇರ್ ಅಡ್ವಾಂಟೇಜ್ ಅಂತ ಖಾಸಗಿ ಪ್ಲಾನ್ ತಗೊಂಡಿದ್ದರೆ ಅದು ಪ್ರದೇಶಕ್ಕೆ ಕಟ್ಟುಬಿದ್ದಿರುತ್ತದೆ. ಮನೆ ಬದಲಿಸಿದ ಮೇಲೆ ಹೊಸ ಪ್ಲಾನ್ ಆರಿಸಲು ಸುಮಾರು ಎರಡು ತಿಂಗಳ ವಿಶೇಷ ಅವಕಾಶ ಇದೆ.

ಇನ್ನು ಎಸ್‌ಎಸ್‌ಐ. ಇದು 1974ರ ಜನವರಿಯಿಂದ ನಡೆಯುತ್ತಿದೆ. ವಿಮೆ ಅಲ್ಲ. ಆದಾಯ, ಆಸ್ತಿ ತೀರಾ ಕಡಿಮೆ ಇದ್ದವರಿಗೆ ಕೊಡುವ ನೆರವು. ಒಬ್ಬರ ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಉಳಿತಾಯ ಇರುವಂತಿಲ್ಲ. ಆ ಮಿತಿ 1989ರಿಂದ ಕದಲಿಲ್ಲ! ಕೇಂದ್ರ ಕೊಡುವ ಗರಿಷ್ಠ ಮೊತ್ತ ಎಲ್ಲ ರಾಜ್ಯಗಳಲ್ಲೂ ಒಂದೇ, 2025ರಲ್ಲಿ ಒಬ್ಬರಿಗೆ ತಿಂಗಳಿಗೆ 967 ಡಾಲರ್. ಅದರ ಮೇಲೆ ಹಲವು ರಾಜ್ಯಗಳು ತಮ್ಮ ಜೇಬಿನಿಂದ ಒಂದಿಷ್ಟು ಸೇರಿಸುತ್ತವೆ. ಆ ಸೇರಿಸಿದ ಭಾಗ ಗಡಿ ದಾಟುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಗೀತಾ ಅಂತ ಒಬ್ಬರಿದ್ದಾರೆ ಅಂದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಬಾಡಿಗೆ ಮನೆಯಲ್ಲಿದ್ದಾರೆ, ಬೇರೆ ಆದಾಯ ಇಲ್ಲ. 2025ರಲ್ಲಿ ಅವರಿಗೆ ಬರುವುದು 1,206.94 ಡಾಲರ್. ಇದರಲ್ಲಿ 239.94 ರಾಜ್ಯದ್ದು. ಗೀತಾ ಅರಿಜೋನಾದ ಫೀನಿಕ್ಸ್‌ನಲ್ಲಿರುವ ಅಕ್ಕನ ಮನೆಗೆ ಹೋಗುತ್ತಾರೆ. ಅರಿಜೋನಾ ಏನೂ ಸೇರಿಸುವುದಿಲ್ಲ. ಅಲ್ಲಿಗೆ 967 ಆಯಿತು.

ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. "ನಿನ್ನ ಹತ್ರ ಬಾಡಿಗೆ ತಗೋತೀನಾ? ಸುಮ್ನೆ ಇರು" ಅಂತ ಅಕ್ಕ ಪ್ರೀತಿಯಿಂದಲೇ ಹೇಳುತ್ತಾರೆ. ಇರಲು ಜಾಗ, ಮೂರು ಹೊತ್ತು ಊಟ ಎಲ್ಲ ಅಕ್ಕನದ್ದೇ. ಆಗ ಎಸ್‌ಎಸ್‌ಐ ಲೆಕ್ಕದಲ್ಲಿ ಕೇಂದ್ರದ ಮೊತ್ತದ ಮೂರನೇ ಒಂದು ಭಾಗ ಕಡಿತ. ಕೈಗೆ ಬರುವುದು 644.67. ಅಂದರೆ ಒಂದು ಮನೆ ಬದಲಾವಣೆಗೆ 562 ಡಾಲರ್ ಹೋಯಿತು. ಗೀತಾ ತನ್ನ ಪಾಲಿನ ಖರ್ಚು ನಿಜವಾಗಿಯೂ ಕೊಟ್ಟರೆ ಈ ಕಡಿತ ಬೀಳುವುದಿಲ್ಲ. ಬಾಡಿಗೆ, ಕರೆಂಟು, ನೀರು ಎಲ್ಲ ಸೇರಿ 1,500 ಆಗಿ ಮನೆಯಲ್ಲಿ ಮೂವರಿದ್ದರೆ, ಗೀತಾ ಪಾಲು 500. ಪ್ರತಿ ತಿಂಗಳು ಬ್ಯಾಂಕ್ ಮೂಲಕ ಕೊಟ್ಟರೆ ದಾಖಲೆಯೂ ಇರುತ್ತದೆ. ಅಕ್ಕ ತಂಗಿ ನಡುವೆ ರಸೀದಿ ಏನು ಅಂತ ನಮಗೆ ಮುಜುಗರ ಆಗಬಹುದು. ಆದರೆ ಇಲಾಖೆಗೆ ಬೇಕಾದದ್ದು ಅದೇ.

ದುಡ್ಡಿಗಿಂತ ದೊಡ್ಡ ತೊಡಕು ಮೆಡಿಕೇಡ್, ಅಂದರೆ ಆದಾಯ ಕಡಿಮೆ ಇದ್ದವರ ಆರೋಗ್ಯ ವಿಮೆ. ಮೆಡಿಕೇರ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಮೆಡಿಕೇಡ್‌ಗೆ ಕೇಂದ್ರ, ರಾಜ್ಯ ಎರಡೂ ದುಡ್ಡು ಹಾಕುತ್ತವೆ, ಆದರೆ ನಡೆಸುವುದು ರಾಜ್ಯ. ಹೆಸರು ಕೂಡ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಟೆನೆಸಿಯಲ್ಲಿ ಟೆನ್‌ಕೇರ್. ಹಳೆಯ ರಾಜ್ಯದ್ದನ್ನು ಮುಚ್ಚಿಸಿ ಹೊಸ ರಾಜ್ಯದ್ದು ಪಡೆಯಬೇಕು. ಬಹಳಷ್ಟು ರಾಜ್ಯಗಳಲ್ಲಿ ಎಸ್‌ಎಸ್‌ಐ ಇದ್ದರೆ ಇದು ತಾನಾಗಿಯೇ ಸಿಗುತ್ತದೆ. ಕೆಲವು ಕಡೆ ಪ್ರತ್ಯೇಕ ಅರ್ಜಿ ಹಾಕಬೇಕು. ಗೀತಾಗೆ ಸ್ನಾನ, ಅಡುಗೆಗೆ ಸಹಾಯ ಮಾಡಲು ಕ್ಯಾಲಿಫೋರ್ನಿಯಾ ಗಂಟೆ ಲೆಕ್ಕದಲ್ಲಿ ಒಬ್ಬರಿಗೆ ಸಂಬಳ ಕೊಡುತ್ತಿತ್ತು ಅಂತಿಟ್ಟುಕೊಳ್ಳಿ. ಅದು ಜೊತೆಗೆ ಬರುವುದಿಲ್ಲ. ಹೊಸ ರಾಜ್ಯದಲ್ಲಿ ಮತ್ತೆ ಪರಿಶೀಲನೆ, ಕೆಲವು ಕಡೆ ವರ್ಷಗಟ್ಟಲೆ ಕಾಯುವ ಪಟ್ಟಿ. ನನ್ನ ಪ್ರಕಾರ ಗೀತಾ ಲಾರಿ ಬುಕ್ ಮಾಡುವ ಮೊದಲು ಕೇಳಬೇಕಾದದ್ದು ಇದನ್ನೇ. ಊರಿಗೆ ಬಂದು ಒಂದು ವರ್ಷ ಆದಮೇಲೆ ಬನ್ನಿ ಅಂತ ಮಾತ್ರ ಯಾವ ರಾಜ್ಯವೂ ಹೇಳುವಂತಿಲ್ಲ. ನೆರವಿಗೆ ಅಂಥ ಷರತ್ತು ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ.

ವಿಳಾಸ ತಿಳಿಸುವ ಗಡುವು ನೆನಪಿಡಿ. ಎಸ್‌ಎಸ್‌ಐನವರು ಮನೆ ಬದಲಿಸಿದ ತಿಂಗಳು ಮುಗಿದು 10 ದಿನದೊಳಗೆ ಹೇಳಬೇಕು. ಮಾರ್ಚ್ 20ಕ್ಕೆ ಹೋದರೆ ಏಪ್ರಿಲ್ 10 ಕೊನೆ. ತಡವಾದರೆ 25ರಿಂದ 100 ಡಾಲರ್ ದಂಡ. ಜಾಸ್ತಿ ಬಂದ ಹಣವನ್ನು ವಾಪಸ್ ಕೇಳುವುದು ಬೇರೆ. ಬ್ಯಾಂಕ್ ಬದಲಿಸುವುದಾದರೆ ಹೊಸ ಖಾತೆಗೆ ಮೊದಲ ಹಣ ಬೀಳುವ ತನಕ ಹಳೆಯದನ್ನು ಮುಚ್ಚಬೇಡಿ.

ಎಸ್‌ಎಸ್‌ಐಗೆ ಅಮೆರಿಕದ ಬಾವುಟ ಹಾರುವ ಎಲ್ಲ ಜಾಗವೂ ಒಂದೇ ಅಲ್ಲ. 2013ರಲ್ಲಿ ನ್ಯೂಯಾರ್ಕ್‌ನಿಂದ ಪೋರ್ಟೊರಿಕೊಗೆ (ಅಮೆರಿಕದ ಆಡಳಿತದಲ್ಲಿರುವ, ಆದರೆ ರಾಜ್ಯವಲ್ಲದ ದ್ವೀಪ) ಹೋದ ಒಬ್ಬರಿಗೆ ಎಸ್‌ಎಸ್‌ಐ ಹಣ ಬರುತ್ತಲೇ ಇತ್ತು. ಆಮೇಲೆ ಸರ್ಕಾರ 28,000 ಡಾಲರ್‌ಗೂ ಹೆಚ್ಚು ವಾಪಸ್ ಕೇಳಿತು. ಅಲ್ಲಿ ಹುಟ್ಟಿದವರೂ ಅಮೆರಿಕದ ಪ್ರಜೆಗಳೇ, ಆದರೆ ಎಸ್‌ಎಸ್‌ಐ ಅಲ್ಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು.

ಹೀಗೆ ಜಾಗಕ್ಕೆ ಕಟ್ಟುಬಿದ್ದ ನಿಯಮ ಅಮೆರಿಕದಲ್ಲಿರುವ ನಮ್ಮವರಿಗೂ ತಟ್ಟುತ್ತದೆ. ಎಸ್‌ಎಸ್‌ಐ ಪಡೆಯುವವರು ಮೈಸೂರಿಗೋ ಶಿರಸಿಗೋ ಬಂದು 30 ದಿನ ಸತತವಾಗಿ ಉಳಿದರೆ ಹಣ ನಿಲ್ಲುತ್ತದೆ. ವಾಪಸ್ ಹೋಗಿ ಅಲ್ಲಿ ಸತತ 30 ದಿನ ಇದ್ದ ಮೇಲೆಯೇ ಮತ್ತೆ ಶುರು. ಹಾಗಾದರೆ 29 ದಿನದ ಟಿಕೆಟ್ ಸಾಕಲ್ವಾ? ಸಾಮಾನ್ಯವಾಗಿ ಸಾಕು. ಫೆಬ್ರವರಿ ಬಿಟ್ಟು. ಒಂದು ಕ್ಯಾಲೆಂಡರ್ ತಿಂಗಳು ಪೂರ್ತಿ ಹೊರಗಿದ್ದರೂ ಆ ತಿಂಗಳ ಹಣ ಇಲ್ಲ, ಫೆಬ್ರವರಿಗಿರುವುದು 28 ದಿನ.