ಗುರಿಯಿಟ್ಟ ಮದ್ದೂ ಪಕ್ಕಕ್ಕೆ ತಾಗುತ್ತದೆ

ಮುಂಬಯಿಯ ಪರೇಲ್‌ನಲ್ಲಿರುವ ನನ್ನ ಕೊಠಡಿಗೆ ಬರುವ ಯಕೃತ್ತಿನ ಕ್ಯಾನ್ಸರ್ ರೋಗಿಗಳ ಮನೆಯವರಲ್ಲಿ ಅನೇಕರು ಮೊಬೈಲಿನಲ್ಲಿ ಒಂದು ಸುದ್ದಿಯನ್ನು ತೆರೆದಿಟ್ಟುಕೊಂಡೇ ಕುಳಿತುಕೊಳ್ಳುತ್ತಾರೆ: ಕೋಶ ವಿಭಜನೆಯ ಪ್ರೋಟೀನನ್ನು ತಡೆದರೆ ಕಿಮೊಥೆರಪಿ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತದಂತೆ. ಸುದ್ದಿಯಲ್ಲಿ ಹುರುಳಿದೆ. ಅದರ ಬೆನ್ನಿಗೇ ಬರುವ ಪ್ರಶ್ನೆ ಮಾತ್ರ ನನ್ನ ತಾಳ್ಮೆ ಕೆಡಿಸುತ್ತದೆ: “ಗುರಿಯಿಟ್ಟು ಹೊಡೆಯುವ ಔಷಧವಲ್ಲವೇ ಡಾಕ್ಟರೇ, ಸೈಡ್ ಎಫೆಕ್ಟ್ ಇರುವುದಿಲ್ಲ ತಾನೇ?”

ಇರುತ್ತದೆ. ಅರೋರಾ-ಎ, ಪಿಎಲ್‌ಕೆ-1 ಮುಂತಾದ ಪ್ರೋಟೀನುಗಳು ಈ ಗಡ್ಡೆಗಳಲ್ಲಿ ಹಲವೊಮ್ಮೆ ಅತಿಯಾಗಿ ತಯಾರಾಗುತ್ತವೆ, ನಿಜ; ಆದರೆ ಅವು ಕ್ಯಾನ್ಸರಿನ ಸ್ವಂತ ಸೊತ್ತಲ್ಲ. ವರ್ಣತಂತುಗಳನ್ನು ಎರಡು ಮರಿಕೋಶಗಳಿಗೆ ಸರಿಯಾಗಿ ಹಂಚಲು ಆರೋಗ್ಯವಂತ ಕೋಶಕ್ಕೂ ಅವೇ ಬೇಕು. ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯಲ್ಲಿ ಹಗಲೂ ರಾತ್ರಿ ವಿಭಜನೆ ನಡೆಯುತ್ತಿರುವುದರಿಂದ ಅಲ್ಲಿಗೂ ಪೆಟ್ಟು ಬಿದ್ದು ಬಿಳಿ ರಕ್ತಕಣಗಳು ಇಳಿಯುತ್ತವೆ. ಆಗ ಸಣ್ಣ ಜ್ವರಕ್ಕೂ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಮಾಟುಂಗದ ಹೋಟೆಲೊಂದರ ಅಡುಗೆಮನೆಯನ್ನು ಮೂವತ್ತು ವರ್ಷ ನೋಡಿಕೊಂಡ ಕುಂದಾಪುರದ ಹಿರಿಯರೊಬ್ಬರಿಗೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬಿಡಿಸಿ ಇದನ್ನೇ ವಿವರಿಸುತ್ತಿದ್ದೆ. ಮಗ ನಡುವೆ ಬಾಯಿ ಹಾಕುತ್ತಲೇ ಇದ್ದ. ಅವರು ಕನ್ನಡಕ ಸರಿಸಿ ನೋಡಿ, “ಗ್ಯಾಸಿನ ಮೈನ್ ಬಂದ್ ಮಾಡಿದ ಹಾಗೆ ಅನ್ನಿ. ದೋಸೆ ಸೀಯುವುದು ನಿಲ್ಲುತ್ತದೆ, ಇಡ್ಲಿಯೂ ಬೇಯುವುದಿಲ್ಲ” ಎಂದರು. ನನ್ನ ಚಿತ್ರಕ್ಕಿಂತ ಅದು ಎಷ್ಟೋ ವಾಸಿ.

ಹಾಗಿದ್ದರೂ ಸಂಶೋಧಕರು ಆಸೆ ಇಟ್ಟಿರುವುದಕ್ಕೆ ಕಾರಣವಿದೆ. ಡಾಕ್ಸೊರುಬಿಸಿನ್ ಎಂಬ ಕಿಮೊಥೆರಪಿ ಮದ್ದು ಡಿಎನ್‌ಎಯನ್ನು ಕಡಿದರೂ ಕೆಲವು ಕ್ಯಾನ್ಸರ್ ಕೋಶಗಳು ವಿಭಜನೆಯ ಹೊಸ್ತಿಲಲ್ಲಿ ನಿಂತು, ರಿಪೇರಿ ಮಾಡಿಕೊಂಡು, ಮತ್ತೆ ಹೊರಡುತ್ತವೆ. ಹಾಗೆ ಹೊರಡಿಸುವುದರಲ್ಲಿ ಪಿಎಲ್‌ಕೆ-1ರ ಕೈಯಿದೆ. ಅದನ್ನು ತಡೆದರೆ ಕೋಶ ಅಲ್ಲೇ ಸಿಕ್ಕಿಬಿದ್ದು ಸಾಯಬಹುದು. ಆದರೆ ಪ್ರಯೋಗಾಲಯದ ತಟ್ಟೆಗೆ ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವ ರೋಗ, ಇರುವುದಿಲ್ಲ. ನಮ್ಮ ರೋಗಿಗಳಲ್ಲಿ ಬಹಳ ಮಂದಿಗೆ ಇರುತ್ತದೆ, ಮತ್ತು ಔಷಧವನ್ನು ಅರಗಿಸಿ ಹೊರಹಾಕಬೇಕಾದ ಅಂಗವೇ ಸೋತಿರುವಾಗ ಎರಡು ಮದ್ದುಗಳನ್ನು ಜೊತೆಗೂಡಿಸುವುದು ಸುಲಭದ ಮಾತಲ್ಲ. ಸೊರಾಫೆನಿಬ್ ಎಂಬ ಯಕೃತ್ತಿನ ಕ್ಯಾನ್ಸರಿನ ಮಾತ್ರೆ, ರೋಗಿಗಳಲ್ಲಿ ಅರ್ಧದಷ್ಟು ಮಂದಿ ಬದುಕಿದ್ದ ಅವಧಿಯನ್ನು (ಮೀಡಿಯನ್) 7.9 ತಿಂಗಳಿನಿಂದ 10.7ಕ್ಕೆ ಏರಿಸಿತೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೂ ಬಹುತೇಕ ಯಕೃತ್ತಿನ ಶಕ್ತಿ ಉಳಿದಿದ್ದವರನ್ನೇ ಆರಿಸಿಕೊಂಡಿತ್ತು.

ಆದ್ದರಿಂದ ಮೊಬೈಲಿಗಿಂತ ಮೊದಲು ನಾನು ಯಕೃತ್ತಿನ ಸ್ಥಿತಿ ತಿಳಿಸುವ ಬಿಲಿರುಬಿನ್ ರಕ್ತಪರೀಕ್ಷೆಯ ರಿಪೋರ್ಟ್ ಕೇಳುತ್ತೇನೆ. ಆ ದಿನ ಮಗ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ.